ಶುರು ಮಾಡುವುದು ಸುಲಭ, ನಿಲ್ಲಿಸುವುದೇ ಕಷ್ಟ: ಆಸ್ಪತ್ರೆಯ ಆ್ಯಂಟಿಬಯೋಟಿಕ್ ಮತ್ತು ಮೂರನೇ ದಿನದ ಪ್ರಶ್ನೆ

ಹೀಮೋಫಿಲಸ್ ಇನ್‌ಫ್ಲುಯೆಂಜೆ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಹೆಸರು ಕೇಳಿದರೆ ಫ್ಲೂ ತರುವುದು ಇದೇ ಇರಬೇಕು ಅನ್ನಿಸುತ್ತದೆ. ಅಲ್ಲ. ಫ್ಲೂ ತರುವುದು ವೈರಸ್. 1892ರಲ್ಲಿ ಜರ್ಮನಿಯ ರಿಚರ್ಡ್ ಫೈಫರ್ ಫ್ಲೂ ರೋಗಿಗಳ ಕಫದಲ್ಲಿ ಈ ಬ್ಯಾಕ್ಟೀರಿಯಾ ಕಂಡರು. ಕಾಯಿಲೆಗೆ ಇದೇ ಕಾರಣ ಅಂದುಬಿಟ್ಟರು. 1918ರ ಮಹಾಮಾರಿಯ ಹೊತ್ತಿನಲ್ಲೂ ಎಷ್ಟೋ ವೈದ್ಯರು ಅದನ್ನೇ ನಂಬಿದ್ದರು. ಮನುಷ್ಯರ ಫ್ಲೂ ವೈರಸ್ ಬೇರ್ಪಟ್ಟು ಸಿಕ್ಕಿದ್ದು 1933ರಲ್ಲಿ. ಅಷ್ಟರಲ್ಲಿ ಬ್ಯಾಕ್ಟೀರಿಯಾಗೆ ಹೆಸರು ಅಂಟಿಕೊಂಡಿತ್ತು. ಇವತ್ತಿಗೂ ಬಿಟ್ಟಿಲ್ಲ.

ಹಾಗಂತ ಫೈಫರ್ ಕಂಡದ್ದು ಸುಳ್ಳಲ್ಲ. ಬ್ಯಾಕ್ಟೀರಿಯಾ ನಿಜಕ್ಕೂ ಅಲ್ಲಿತ್ತು. 1918ರಲ್ಲಿ ಸತ್ತವರ ಶ್ವಾಸಕೋಶದ ಮಾದರಿಗಳು ಕೆಲವು ಉಳಿದಿದ್ದವು. ವಿಜ್ಞಾನಿಗಳು ಅವುಗಳನ್ನು ಮತ್ತೆ ಪರೀಕ್ಷಿಸಿ 2008ರಲ್ಲಿ ವರದಿ ಕೊಟ್ಟರು. ಬಹುಪಾಲು ಸಾವುಗಳಲ್ಲಿ ಫ್ಲೂ ಜೊತೆಗೆ ಬ್ಯಾಕ್ಟೀರಿಯಾ ನ್ಯುಮೋನಿಯಾ ಕೂಡ ಸೇರಿಕೊಂಡಿತ್ತು ಅನ್ನುವುದು ಅವರ ತೀರ್ಮಾನ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿಕೊಂಡಂತೆ. ವೈರಸ್ ಶ್ವಾಸನಾಳದ ಒಳಪದರ ಕೆಡಿಸಿತು. ಗಂಟಲಲ್ಲಿ ಸುಮ್ನೆ ಇದ್ದ ಬ್ಯಾಕ್ಟೀರಿಯಾ ಕೆಳಗಿಳಿದು ಮನೆ ಮಾಡಿತು.

ಈ ಹಳೇ ಕತೆ ಹೇಳಿದ್ದಕ್ಕೆ ಕಾರಣ ಇದೆ. ಇವತ್ತಿನ ಆಸ್ಪತ್ರೆಯ ವಾರ್ಡಿನಲ್ಲೂ ಗೊಂದಲ ಇದೇ. ಜ್ವರ, ಕೆಮ್ಮು, ಏದುಸಿರು ಅಂತ ಒಬ್ಬರು ದಾಖಲಾಗುತ್ತಾರೆ. ಬ್ಯಾಕ್ಟೀರಿಯಾನಾ, ವೈರಸ್ಸಾ, ಎರಡೂನಾ? ಸಿಕ್ಕ ರೋಗಾಣುವೇ ಕಾಯಿಲೆಗೆ ಕಾರಣವಾ, ಸುಮ್ನೆ ಅಲ್ಲಿತ್ತಾ? ಔಷಧ ಇದರ ಮೇಲೆ ನಿಂತಿದೆ. ಬ್ಯಾಕ್ಟೀರಿಯಾ ಒಂದು ಪೂರ್ತಿ ಜೀವಕೋಶ. ಅದಕ್ಕೆ ಸ್ವಂತ ಗೋಡೆ ಇದೆ, ಪ್ರೋಟೀನ್ ತಯಾರಿಸುವ ಸ್ವಂತ ಯಂತ್ರ ಇದೆ. ಪೆನ್ಸಿಲಿನ್ ಆ ಗೋಡೆಯನ್ನು ಕೆಡಿಸುತ್ತದೆ, ಇನ್ನು ಕೆಲವು ಆ್ಯಂಟಿಬಯೋಟಿಕ್‌ಗಳು ಯಂತ್ರವನ್ನು ನಿಲ್ಲಿಸುತ್ತವೆ. ವೈರಸ್‌ಗೆ ಗೋಡೆಯೂ ಇಲ್ಲ, ಯಂತ್ರವೂ ಇಲ್ಲ. ಅದು ನಮ್ಮ ಜೀವಕೋಶದೊಳಗೆ ಕೂತು ನಮ್ಮ ಯಂತ್ರವನ್ನೇ ಓಡಿಸುತ್ತದೆ. ಅದಕ್ಕೆ ಆ್ಯಂಟಿಬಯೋಟಿಕ್ ಕೊಟ್ಟರೆ ಪೆಟ್ಟು ಬೀಳುವುದು ವೈರಸ್‌ಗಲ್ಲ, ಹೊಟ್ಟೆಯಲ್ಲಿ ತಣ್ಣಗಿರುವ ಒಳ್ಳೆಯ ಬ್ಯಾಕ್ಟೀರಿಯಾಗೆ.

ಇಷ್ಟು ಎಲ್ಲ ವೈದ್ಯರಿಗೂ ಗೊತ್ತು. ಆದರೂ ಯಾಕೆ ಕಷ್ಟ?

ಯಾಕೆಂದರೆ ಎಷ್ಟೋ ಸಲ ರೋಗಾಣು ಸಿಗುವುದೇ ಇಲ್ಲ. ಅಮೆರಿಕದ ಷಿಕಾಗೊ ಮತ್ತು ನ್ಯಾಶ್‌ವಿಲ್ ಆಸ್ಪತ್ರೆಗಳಲ್ಲಿ ನ್ಯುಮೋನಿಯಾ ಅಂತ ದಾಖಲಾದ ವಯಸ್ಕರ ಮೇಲೆ ಒಂದು ದೊಡ್ಡ ಅಧ್ಯಯನ ನಡೆದಿತ್ತು. ಫಲಿತಾಂಶ 2015ರಲ್ಲಿ ಬಂತು. 2,259 ರೋಗಿಗಳಿಗೆ ರಕ್ತ, ಮೂತ್ರ, ಮೂಗು-ಗಂಟಲು, ಕಫ ಅಂತ ಲಭ್ಯವಿದ್ದ ಪರೀಕ್ಷೆಗಳನ್ನೆಲ್ಲ ಮಾಡಿದರು. ಏನಾದರೂ ಒಂದು ರೋಗಾಣು ಸಿಕ್ಕಿದ್ದು ಶೇ. 38 ಮಂದಿಯಲ್ಲಿ ಮಾತ್ರ. ಶೇ. 23ರಲ್ಲಿ ಬರೀ ವೈರಸ್, ಶೇ. 11ರಲ್ಲಿ ಬ್ಯಾಕ್ಟೀರಿಯಾ, ಶೇ. 3ರಲ್ಲಿ ಎರಡೂ. ಉಳಿದ ಶೇ. 62 ಮಂದಿಯ ಕಾಯಿಲೆಗೆ ಕಾರಣ ಸಿಗಲೇ ಇಲ್ಲ. ಇದು ಸಂಶೋಧನೆಗೆಂದೇ ಪರೀಕ್ಷೆ ನಡೆಸಿದ ಕಡೆಯ ಲೆಕ್ಕ. ದಿನನಿತ್ಯದ ವಾರ್ಡಿನಲ್ಲಿ ಇದಕ್ಕಿಂತ ಜಾಸ್ತಿ ಸಿಗುತ್ತದೆ ಅಂತ ನಿರೀಕ್ಷಿಸುವುದು ಹೇಗೆ?

ಕಣ್ಣಿಗೆ ಕಾಣುವ ಲಕ್ಷಣಗಳನ್ನು ನಂಬುವ ಹಾಗೂ ಇಲ್ಲ. ಕಫ ಹಳದಿ ಅಥವಾ ಹಸಿರು ಆದರೆ ಬ್ಯಾಕ್ಟೀರಿಯಾ ಅನ್ನುವ ಮಾತು ಎಲ್ಲ ಕಡೆ ಇದೆ. ಆ ಬಣ್ಣ ಬರುವುದು ನಮ್ಮದೇ ಬಿಳಿ ರಕ್ತಕಣಗಳಲ್ಲಿರುವ ಒಂದು ಕಿಣ್ವದಿಂದ. ವೈರಸ್ ಸೋಂಕಿನಲ್ಲೂ ಅದು ಹಸಿರಾಗಬಹುದು. ಜ್ವರ ಎಷ್ಟು ಏರಿತು ಅನ್ನುವುದೂ ಏನನ್ನೂ ಬಿಡಿಸಿ ಹೇಳುವುದಿಲ್ಲ. ಆಸ್ಪತ್ರೆಯಲ್ಲಿ ಮಲಗಿದವರ ಜ್ವರವಂತೂ ಸೋಂಕಿನದೇ ಆಗಿರಬೇಕಿಲ್ಲ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದರೂ ಜ್ವರ ಬರುತ್ತದೆ. ಕೆಲವೊಮ್ಮೆ ಕೊಡುತ್ತಿರುವ ಆ್ಯಂಟಿಬಯೋಟಿಕ್‌ನಿಂದಲೇ ಬರುತ್ತದೆ.

ಹಾಗಾದರೆ ಲ್ಯಾಬ್ ಏನು ಹೇಳುತ್ತದೆ?

ನನ್ನ ಮಟ್ಟಿಗೆ ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಹಳೇ ಕಾಲದ ಬ್ಲಡ್ ಕಲ್ಚರ್. ರಕ್ತ ತೆಗೆದು ಪೋಷಕ ದ್ರವ ಇರುವ ಬಾಟಲಿಗೆ ಹಾಕುತ್ತಾರೆ. ಬ್ಯಾಕ್ಟೀರಿಯಾ ಇದ್ದರೆ ಅದು ಬೆಳೆದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಯಂತ್ರ ಅದನ್ನು ಗುರುತಿಸಿ ಸದ್ದು ಮಾಡುತ್ತದೆ. ಕೇಳುವುದಕ್ಕೆ ಸರಳ. ಆದರೆ ರಕ್ತದಲ್ಲಿ ಬ್ಯಾಕ್ಟೀರಿಯಾ ತುಂಬಿ ತುಳುಕುತ್ತಿರುವುದಿಲ್ಲ. ವಯಸ್ಕರಲ್ಲಿ ಒಂದು ಮಿಲಿ ರಕ್ತಕ್ಕೆ ಒಂದೋ ಎರಡೋ ಇರಬಹುದು, ಅದಕ್ಕಿಂತ ಕಡಿಮೆಯೂ ಇರಬಹುದು. ಸ್ವಲ್ಪ ರಕ್ತ ತೆಗೆದರೆ ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಬಾಟಲಿಗೆ 8ರಿಂದ 10 ಮಿಲಿ ಬೇಕು ಅನ್ನುತ್ತಾರೆ. ಎರಡು ಬೇರೆ ಬೇರೆ ಜಾಗದಿಂದ, ಒಂದೊಂದು ಜಾಗಕ್ಕೆ ಎರಡು ಬಾಟಲಿ. ಒಟ್ಟು ಸುಮಾರು 40 ಮಿಲಿ. ‘ಇಷ್ಟೊಂದು ರಕ್ತ ಯಾಕೆ ತೆಗೀತಾರೆ’ ಅಂತ ಮನೆಯವರು ಗೊಣಗುವುದು ಸಹಜ. ಆದರೆ ಇಲ್ಲಿ ಕಂಜೂಸಿತನ ಮಾಡಿದರೆ ಪರೀಕ್ಷೆಯೇ ದಂಡ.

ಎರಡು ಜಾಗ ಯಾಕೆ ಅಂದರೆ, ಚರ್ಮದ ಮೇಲೆ ಯಾವಾಗಲೂ ಬ್ಯಾಕ್ಟೀರಿಯಾ ಇರುತ್ತದೆ. ಸೂಜಿ ಚುಚ್ಚುವಾಗ ಅದೇ ಒಳಗೆ ಸೇರಿಬಿಡಬಹುದು. ನಾಲ್ಕು ಬಾಟಲಿಯಲ್ಲಿ ಒಂದರಲ್ಲಿ ಮಾತ್ರ ಚರ್ಮದ ಸಾಮಾನ್ಯ ಬ್ಯಾಕ್ಟೀರಿಯಾ ಬೆಳೆದರೆ ಅದು ಬಹುತೇಕ ಚರ್ಮದ್ದೇ, ರಕ್ತದ್ದಲ್ಲ. ನಾಲ್ಕರಲ್ಲೂ ಬೆಳೆದರೆ ಕತೆ ಬೇರೆ. ಒಂದೇ ಜಾಗದಿಂದ ತೆಗೆದಿದ್ದರೆ ಈ ವ್ಯತ್ಯಾಸ ಹೇಳುವುದೇ ಕಷ್ಟ. ಆಗ ಚರ್ಮದ ಬ್ಯಾಕ್ಟೀರಿಯಾಗೆ ಹೆದರಿ ಒಂದು ವಾರ ಔಷಧ ಓಡುತ್ತದೆ.

ಇನ್ನೊಂದು ವಿಷಯ ಸಮಯ. ರಕ್ತ ತೆಗೆಯಬೇಕಾದದ್ದು ಮೊದಲ ಡೋಸ್‌ಗೆ ಮುಂಚೆ. ತೀವ್ರ ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳು ಕೈಕೊಡುವ ಸ್ಥಿತಿ) ಇದ್ದ 325 ರೋಗಿಗಳಲ್ಲಿ ಆ್ಯಂಟಿಬಯೋಟಿಕ್‌ಗೆ ಮೊದಲು ಒಮ್ಮೆ, ಕೊಟ್ಟ ಸ್ವಲ್ಪ ಹೊತ್ತಿಗೇ ಇನ್ನೊಮ್ಮೆ ರಕ್ತ ತೆಗೆದು ಹೋಲಿಸಿದ ಅಧ್ಯಯನ 2019ರಲ್ಲಿ ಬಂತು. ಮೊದಲು ತೆಗೆದ ರಕ್ತದಲ್ಲಿ ಶೇ. 31 ಮಂದಿಗೆ ಬ್ಯಾಕ್ಟೀರಿಯಾ ಸಿಕ್ಕಿತ್ತು. ನಂತರ ತೆಗೆದದ್ದರಲ್ಲಿ ಶೇ. 19ಕ್ಕೆ ಇಳಿಯಿತು. ಅದೇ ರೋಗಿಗಳು, ಅದೇ ಕಾಯಿಲೆ, ನಡುವೆ ಒಂದು ಡೋಸ್ ಅಷ್ಟೇ. ಕಳ್ಳ ಸಾಯಲಿಲ್ಲ, ಬೆರಳಚ್ಚು ಮಾತ್ರ ಅಳಿಸಿಹೋಯಿತು.

ಬಾಟಲಿ ಸದ್ದು ಮಾಡಿದ ಮೇಲೆ ಕೆಲಸ ಬೇಗ ಸಾಗುತ್ತದೆ. 1884ರಲ್ಲಿ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಮ್ ಪ್ರಕಟಿಸಿದ ಬಣ್ಣ ಹಚ್ಚುವ ವಿಧಾನ ಇವತ್ತಿಗೂ ಮೊದಲ ಸುಳಿವು ಕೊಡುತ್ತದೆ. ನೇರಳೆ ಬಣ್ಣದ ಗುಂಡುಗಳಾ, ಗುಲಾಬಿ ಬಣ್ಣದ ಕಡ್ಡಿಗಳಾ? ಅಷ್ಟರಲ್ಲೇ ಯಾವ ಗುಂಪಿನ ಔಷಧ ಅನ್ನುವುದು ಅರ್ಧ ತಿಳಿಯುತ್ತದೆ. ಮ್ಯಾಲ್ಡಿ-ಟಾಫ್ ಅನ್ನುವ ಯಂತ್ರ ಇದ್ದರೆ, ಬೆಳೆದ ಬ್ಯಾಕ್ಟೀರಿಯಾದ ಹೆಸರು ಕೆಲವೇ ನಿಮಿಷಕ್ಕೆ ಗೊತ್ತಾಗುತ್ತದೆ. ಯಾವ ಔಷಧಕ್ಕೆ ಬಗ್ಗುತ್ತದೆ ಅಂತ ಹೇಳುವುದಕ್ಕೆ ಸಾಮಾನ್ಯವಾಗಿ ಇನ್ನೊಂದು ದಿನ ಬೇಕು. ಅಂತೂ ಎರಡರಿಂದ ಮೂರು ದಿನ. ಈ ಲೆಕ್ಕ ನೆನಪಿರಲಿ.

ವೈರಸ್ ಕಡೆ ಆಟ ಬೇರೆ. ಅಲ್ಲಿ ರೋಗಾಣುವಿನ ಜೀನ್ ತುಣುಕನ್ನು ಹುಡುಕುವ ಪಿಸಿಆರ್ ಪರೀಕ್ಷೆಯೇ ರಾಜ. ಒಂದೇ ಸ್ವ್ಯಾಬ್‌ನಿಂದ ಹತ್ತಾರು ರೋಗಾಣುಗಳನ್ನು ಹುಡುಕುವ ಕಿಟ್‌ಗಳು ಸುಮಾರು ಒಂದು ಗಂಟೆಯಲ್ಲಿ ಉತ್ತರ ಕೊಡುತ್ತವೆ. ತೊಂದರೆ ಏನೆಂದರೆ ಪಿಸಿಆರ್ ಜಾಸ್ತಿ ಚುರುಕು. ಸತ್ತ ವೈರಸ್ಸಿನ ತುಣುಕನ್ನೂ ಹಿಡಿಯುತ್ತದೆ. ಕೋವಿಡ್ ವಾಸಿಯಾಗಿ ವಾರಗಟ್ಟಲೆ ಆದರೂ ಪಾಸಿಟಿವ್ ಬರುತ್ತಿದ್ದದ್ದು ನೆನಪಿದೆ ಅಲ್ವಾ? ನೆಗಡಿ ತರುವ ರೈನೋವೈರಸ್ ಯಾವ ಲಕ್ಷಣವೂ ಇಲ್ಲದ ಮಕ್ಕಳ ಮೂಗಿನಲ್ಲೂ ಸಿಗುತ್ತದೆ. ವೈರಸ್ ಸಿಕ್ಕಿತು ಅಂದಾಕ್ಷಣ ಬ್ಯಾಕ್ಟೀರಿಯಾ ಇಲ್ಲ ಅಂತಲೂ ಆಗುವುದಿಲ್ಲ. ಹುತ್ತ ಕಂಡರೆ ಹಾವಿಲ್ಲ ಅಂತ ಕೈ ಹಾಕುವವರು ಯಾರು?

ಬ್ಯಾಕ್ಟೀರಿಯಾ ಕಡೆಯೂ ಇದೇ ಬಲೆ ಇದೆ. ಮೂತ್ರದ ಕೊಳವೆ ಹಾಕಿಸಿಕೊಂಡು ಬಹಳ ದಿನ ಮಲಗಿದವರ ಮೂತ್ರ ಪರೀಕ್ಷೆ ಮಾಡಿ. ಬ್ಯಾಕ್ಟೀರಿಯಾ ಸಿಕ್ಕೇ ಸಿಗುತ್ತದೆ. ಅದು ಅಲ್ಲಿ ನೆಲೆ ನಿಂತಿದೆ, ಅಷ್ಟೇ. ಲಕ್ಷಣ ಇಲ್ಲದಿದ್ದರೆ ಗರ್ಭಿಣಿಯರು, ಮೂತ್ರನಾಳದ ಶಸ್ತ್ರಚಿಕಿತ್ಸೆಗೆ ಹೋಗುವವರು ಇಂಥ ಕೆಲವರನ್ನು ಬಿಟ್ಟು ಉಳಿದವರಿಗೆ ಚಿಕಿತ್ಸೆ ಬೇಡ. ಆದರೆ ವರದಿಯಲ್ಲಿ ಬ್ಯಾಕ್ಟೀರಿಯಾದ ಹೆಸರು, ಕೆಳಗೆ ಔಷಧಗಳ ಪಟ್ಟಿ ಕಂಡಾಗ ಬರೆಯದೇ ಇರುವುದಕ್ಕೆ ಗಟ್ಟಿ ಮನಸ್ಸು ಬೇಕು. ಬೇಡದ ಪರೀಕ್ಷೆ ಮಾಡಿಸದೇ ಇರುವುದೂ ಒಂದು ಚಿಕಿತ್ಸೆ ಅಂತ ನನಗೆ ಅನ್ನಿಸುವುದು ಇದಕ್ಕೇ.

ರೋಗಾಣುವನ್ನು ಬಿಟ್ಟು ದೇಹದ ಪ್ರತಿಕ್ರಿಯೆಯನ್ನು ಅಳೆಯುವ ದಾರಿಯೂ ಇದೆ. ಪ್ರೊಕ್ಯಾಲ್ಸಿಟೋನಿನ್ ಅನ್ನುವ ಪ್ರೋಟೀನ್ ಬ್ಯಾಕ್ಟೀರಿಯಾ ಸೋಂಕಿನಲ್ಲಿ ಕೆಲವು ಗಂಟೆಗಳಲ್ಲಿ ಏರುತ್ತದೆ, ವೈರಸ್ ಸೋಂಕಿನಲ್ಲಿ ಅಷ್ಟಾಗಿ ಏರುವುದಿಲ್ಲ. ಸಿಕ್ಕಿತು ಉತ್ತರ ಅಂದುಕೊಂಡವರು ಬಹಳ ಮಂದಿ. ಆದರೆ ದೊಡ್ಡ ಶಸ್ತ್ರಚಿಕಿತ್ಸೆ, ಸುಟ್ಟಗಾಯ, ಅಪಘಾತದ ಪೆಟ್ಟಿನಲ್ಲೂ ಇದು ಏರುತ್ತದೆ. ಅಮೆರಿಕದ 14 ಆಸ್ಪತ್ರೆಗಳಲ್ಲಿ ನಡೆದ ಪ್ರೊಆ್ಯಕ್ಟ್ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ಕೆಳ ಶ್ವಾಸನಾಳದ ಸೋಂಕಿನ ಅನುಮಾನ ಇದ್ದವರಲ್ಲಿ ಈ ಅಂಕಿ ನೋಡಿದ ಗುಂಪಿನಲ್ಲಿ ಸರಾಸರಿ 4.2 ದಿನ ಆ್ಯಂಟಿಬಯೋಟಿಕ್ ಹೋಯಿತು, ನೋಡದ ಗುಂಪಿನಲ್ಲಿ 4.3 ದಿನ. ಹೆಚ್ಚು ಕಡಿಮೆ ಒಂದೇ. ಶುರು ಮಾಡಬೇಕಾ ಅಂತ ಕೇಳುವುದಕ್ಕಿಂತ ನಿಲ್ಲಿಸಬಹುದಾ ಅಂತ ಕೇಳುವುದಕ್ಕೆ ಈ ಪರೀಕ್ಷೆ ಜಾಸ್ತಿ ಉಪಯೋಗ. ದಿನದಿಂದ ದಿನಕ್ಕೆ ಅಂಕಿ ಇಳಿಯುತ್ತಿದ್ದರೆ ಧೈರ್ಯ ಬರುತ್ತದೆ.

ಈಗ ವೈದ್ಯರ ಕಷ್ಟ ನೋಡಿ. ಲ್ಯಾಬ್ ಎರಡು-ಮೂರು ದಿನ ಕೇಳುತ್ತದೆ. ಕೆಲವು ರೋಗಿಗಳಿಗೆ ಎರಡು-ಮೂರು ಗಂಟೆಯೂ ಇರುವುದಿಲ್ಲ. ಸೆಪ್ಸಿಸ್ ಅಂದರೆ ಸೋಂಕಿಗೆ ದೇಹ ಹದ ತಪ್ಪಿ ಪ್ರತಿಕ್ರಿಯಿಸಿ, ಅಂಗಾಂಗಗಳು ಕೈಕೊಡಲು ಶುರುವಾಗುವುದು. 2017ರಲ್ಲಿ ಜಗತ್ತಿನಲ್ಲಿ ಸುಮಾರು 1.1 ಕೋಟಿ ಸಾವು ಸೆಪ್ಸಿಸ್ ಜೊತೆ ತಳುಕು ಹಾಕಿಕೊಂಡಿತ್ತು ಅನ್ನುವುದು ಒಂದು ಅಂದಾಜು. ರಕ್ತದೊತ್ತಡ ಕುಸಿದವರಿಗೆ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಹೋಗಲೇಬೇಕು. ಅಲ್ಲಿ ಚರ್ಚೆ ಇಲ್ಲ. ಯಾವ ಬ್ಯಾಕ್ಟೀರಿಯಾ ಅಂತ ಗೊತ್ತಿಲ್ಲದಿದ್ದರೂ ಬಲೆ ದೊಡ್ಡದಾಗಿ ಬೀಸಬೇಕು.

ಆದರೆ ಈ ‘ಒಂದು ಗಂಟೆ’ ಎಲ್ಲರಿಗೂ ಅನ್ವಯ ಅಂತ ಆದದ್ದು ಎಡವಟ್ಟು. 2021ರ ಅಂತಾರಾಷ್ಟ್ರೀಯ ಸೆಪ್ಸಿಸ್ ಮಾರ್ಗಸೂಚಿ ಇದನ್ನು ಬಿಡಿಸಿ ಹೇಳಿತು. ರಕ್ತದೊತ್ತಡ ಕುಸಿದ ಆಘಾತ ಸ್ಥಿತಿ ಇದ್ದರೆ, ಅಥವಾ ಸೆಪ್ಸಿಸ್ ಅಂತ ಬಲವಾದ ಅನುಮಾನ ಇದ್ದರೆ ಒಂದು ಗಂಟೆ. ರಕ್ತದೊತ್ತಡ ಸರಿಯಿದ್ದು, ಸೆಪ್ಸಿಸ್ ಇರಬಹುದೇನೋ ಅನ್ನುವ ಮಟ್ಟದ ಅನುಮಾನ ಇದ್ದರೆ ಬೇಗ ಬೇಗ ಪರೀಕ್ಷೆ ಮಾಡಿ, ಅನುಮಾನ ಹೋಗದಿದ್ದರೆ ಮೂರು ಗಂಟೆಯೊಳಗೆ ಶುರು ಮಾಡಿ. ಎರಡು ಗಂಟೆಯ ವ್ಯತ್ಯಾಸ ಸಣ್ಣದಲ್ಲ. ಎಕ್ಸ್‌ರೇ ನೋಡಬಹುದು, ಸ್ವ್ಯಾಬ್ ಫಲಿತಾಂಶ ಬರಬಹುದು, ಇನ್ನೊಮ್ಮೆ ರೋಗಿಯ ಹತ್ತಿರ ಹೋಗಿ ಕೇಳಬಹುದು.

ಉತ್ತರ ಬೇಗ ಸಿಗುವ ಜಾಗಗಳೂ ಇವೆ. ಮೆದುಳುಜ್ವರದ ಅನುಮಾನ ಇದ್ದಾಗ ಬೆನ್ನುಹುರಿಯ ದ್ರವ ತೆಗೆದರೆ ಅದೇ ದಿನ ಚಿತ್ರ ಸಿಗುತ್ತದೆ. ಗ್ಲುಕೋಸ್ ಇಳಿದು, ಪ್ರೋಟೀನ್ ಏರಿ, ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣ ತುಂಬಿದ್ದರೆ ಬಹುತೇಕ ಬ್ಯಾಕ್ಟೀರಿಯಾ. ಗ್ಲುಕೋಸ್ ಸರಿಯಿದ್ದು ಲಿಂಫೋಸೈಟ್ ಅನ್ನುವ ಇನ್ನೊಂದು ಬಗೆಯ ಬಿಳಿ ರಕ್ತಕಣ ಜಾಸ್ತಿ ಇದ್ದರೆ ಬಹುತೇಕ ವೈರಸ್. ಇಲ್ಲೂ ಔಷಧ ಕಾಯುವುದಿಲ್ಲ. ಹರ್ಪಿಸ್ ವೈರಸ್ ಮೆದುಳಿಗೆ ಹತ್ತಿದರೆ ಚಿಕಿತ್ಸೆ ಇಲ್ಲದೆ ನೂರರಲ್ಲಿ ಸುಮಾರು 70 ಮಂದಿ ಉಳಿಯುವುದಿಲ್ಲ. ಅನುಮಾನ ಬಂದ ಕೂಡಲೇ ಅಸಿಕ್ಲೋವಿರ್ ಹಾಕಿ, ಪಿಸಿಆರ್ ನೆಗೆಟಿವ್ ಬಂದು ಅನುಮಾನ ತೀರಿದ ಮೇಲೆ ನಿಲ್ಲಿಸುತ್ತಾರೆ. ಫ್ಲೂನಿಂದ ದಾಖಲಾದವರಿಗೆ ಒಸೆಲ್ಟಾಮಿವಿರ್ ಕೂಡ ಹಾಗೆಯೇ, ವರದಿಗೆ ಕಾಯದೆ ಶುರು. ವೈರಸ್ ಅಂದರೆ ಔಷಧವೇ ಇಲ್ಲ ಅನ್ನುವ ಮಾತು ಈಗ ಅಷ್ಟು ನಿಜವಲ್ಲ. ಆದರೂ ಬಹುತೇಕ ವೈರಸ್‌ಗಳಿಗೆ ಆಸ್ಪತ್ರೆ ಕೊಡುವುದು ಆಮ್ಲಜನಕ, ನೀರಿನಂಶ ಮತ್ತು ಸಮಯ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಹೆಚ್ಚಿನದು ಆಸ್ಪತ್ರೆಗಳು ಮಾಡುವ ಕೆಲಸವೇ. ಎಡವುವುದು ಮುಂದಿನ ಹೆಜ್ಜೆಯಲ್ಲಿ.

ಕೋವಿಡ್ ಇದನ್ನು ಬಯಲಿಗೆ ತಂದಿತು. 65 ದೇಶಗಳ ಸುಮಾರು 4.5 ಲಕ್ಷ ರೋಗಿಗಳ ಮಾಹಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಮುಂದಿಟ್ಟಿತು. ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಲ್ಲಿ ಬ್ಯಾಕ್ಟೀರಿಯಾ ಸೋಂಕು ಜೊತೆಗಿದ್ದದ್ದು ಶೇ. 8 ಮಂದಿಗೆ. ಆ್ಯಂಟಿಬಯೋಟಿಕ್ ಪಡೆದವರು ನಾಲ್ವರಲ್ಲಿ ಮೂವರು. ವೈರಸ್ ಯಾವುದು ಅಂತ ಪರೀಕ್ಷೆಯಲ್ಲೇ ಗೊತ್ತಾಗಿದ್ದ ಕಾಯಿಲೆಯ ಕತೆ ಇದು! ಮೊದಲ ದಿನಗಳ ಗಾಬರಿಯಲ್ಲಿ ಕೊಟ್ಟದ್ದನ್ನು ನಾನು ದೂರುವುದಿಲ್ಲ. ನನ್ನ ತಕರಾರು ಬೇರೆ. ಮೂರನೇ ದಿನ ಕಲ್ಚರ್ ನೆಗೆಟಿವ್ ಬಂದಾಗಲೂ ಯಾಕೆ ಮುಂದುವರಿಯಬೇಕು?

ಕಾರಣ ಜ್ಞಾನದ ಕೊರತೆಯಲ್ಲ, ಲೆಕ್ಕಾಚಾರ. ರಾತ್ರಿ ಪಾಳಿಯವರು ಶುರು ಮಾಡುತ್ತಾರೆ. ಬೆಳಗ್ಗೆ ಬೇರೆಯವರು ಬರುತ್ತಾರೆ. ರೋಗಿ ಸುಧಾರಿಸುತ್ತಿದ್ದರೆ ‘ಔಷಧ ಕೆಲಸ ಮಾಡ್ತಿದೆ, ಮುಟ್ಟೋದು ಬೇಡ’. ಸುಧಾರಿಸದಿದ್ದರೆ ‘ಇನ್ನೂ ಜೋರಾದದ್ದು ಹಾಕೋಣ’. ಎರಡು ದಾರಿಯಲ್ಲೂ ನಿಲ್ಲಿಸುವ ಮಾತೇ ಇಲ್ಲ. ನಿಲ್ಲಿಸಿದ ಮೇಲೆ ರೋಗಿ ಹದಗೆಟ್ಟರೆ ಬೆರಳು ಒಬ್ಬರ ಕಡೆ ತಿರುಗುತ್ತದೆ. ಮುಂದುವರಿಸಿದ್ದರಿಂದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತಾಗ ತಲೆ ಎತ್ತುವ ಕ್ಲಾಸ್ಟ್ರಿಡಿಯಾಯ್ಡೀಸ್ ಡಿಫಿಸಿಲ್ ಅನ್ನುವ ಬ್ಯಾಕ್ಟೀರಿಯಾದ ಭೇದಿ ಶುರುವಾದರೆ, ಮೂತ್ರಪಿಂಡ ಸೊರಗಿದರೆ, ಮುಂದಿನ ತಿಂಗಳು ಯಾವ ಔಷಧಕ್ಕೂ ಬಗ್ಗದ ಬ್ಯಾಕ್ಟೀರಿಯಾ ಬಂದರೆ ಅದು ‘ದುರದೃಷ್ಟ’. ಯಾರ ಹೆಸರಿಗೂ ಬರುವುದಿಲ್ಲ. ನಷ್ಟ ಮಾತ್ರ ಸುಳ್ಳಲ್ಲ. 2019ರಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ನೇರ ಕಾರಣವಾದ ಸಾವುಗಳು ಜಗತ್ತಿನಲ್ಲಿ 12.7 ಲಕ್ಷ ಅಂತ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಂದಾಜು ಹೇಳುತ್ತದೆ.

ಇಂಗ್ಲೆಂಡಿನ ಆಸ್ಪತ್ರೆಗಳಿಗೆ 2011ರಲ್ಲಿ ಒಂದು ಸೂಚನೆ ಬಂತು. ಹೆಸರು ‘ಸ್ಟಾರ್ಟ್ ಸ್ಮಾರ್ಟ್, ದೆನ್ ಫೋಕಸ್’. ಶುರು ಮಾಡಿದ ಎರಡು-ಮೂರು ದಿನದೊಳಗೆ ಕೂತು ನೋಡಬೇಕು. ನಿಲ್ಲಿಸುವುದಾ, ಡ್ರಿಪ್‌ನಿಂದ ಮಾತ್ರೆಗೆ ಬದಲಿಸುವುದಾ, ಬೇರೆ ಔಷಧಕ್ಕೆ ಹೋಗುವುದಾ, ಮುಂದುವರಿಸುವುದಾ ಅಂತ ತೀರ್ಮಾನಿಸಿ ಚಾರ್ಟಿನಲ್ಲಿ ಬರೆಯಬೇಕು. ನನಗೆ ಇದರಲ್ಲಿ ಇಷ್ಟವಾಗುವುದು ‘ಬರೆಯಬೇಕು’ ಅನ್ನುವ ಭಾಗ. ಮುಂದುವರಿಸುವುದೂ ಒಂದು ತೀರ್ಮಾನ ಆಗುತ್ತದೆ. ತಾನಾಗಿ ಓಡುತ್ತಿರುವ ಡ್ರಿಪ್ ಆಗಿ ಉಳಿಯುವುದಿಲ್ಲ. ಮೊದಲ ದಿನವೇ ‘ಯಾವ ಸೋಂಕಿಗೆ, ಎಷ್ಟು ದಿನ’ ಅಂತ ಎರಡು ಸಾಲು ಬರೆದಿಟ್ಟರೆ ಮೂರನೇ ದಿನ ಬರುವವರಿಗೆ ಹಿಡಿಯಲು ಒಂದು ತುದಿ ಸಿಗುತ್ತದೆ. ದುಬಾರಿ ಯಂತ್ರ ಇಲ್ಲದ ಸಣ್ಣ ಆಸ್ಪತ್ರೆಯೂ ಇದನ್ನು ಮಾಡಬಹುದು.

ಎಷ್ಟು ದಿನ ಅನ್ನುವುದರಲ್ಲೂ ಹಳೇ ನಂಬಿಕೆ ಸಡಿಲವಾಗಿದೆ. ರಕ್ತಕ್ಕೆ ಬ್ಯಾಕ್ಟೀರಿಯಾ ಸೇರಿದರೆ ಎರಡು ವಾರ ಅನ್ನುವುದು ರೂಢಿಯಾಗಿತ್ತು. ಈ 14 ಬಂದದ್ದು ಬ್ಯಾಕ್ಟೀರಿಯಾದಿಂದಲ್ಲ, ಕ್ಯಾಲೆಂಡರಿನಿಂದ. ಏಳು ದೇಶಗಳ ಆಸ್ಪತ್ರೆಗಳಲ್ಲಿ 3,608 ರೋಗಿಗಳ ಮೇಲೆ ನಡೆದ ಬ್ಯಾಲೆನ್ಸ್ ಪ್ರಯೋಗ 2024ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ 7 ದಿನ, ಅರ್ಧ ಜನಕ್ಕೆ 14 ದಿನ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಐಸಿಯುನಲ್ಲಿದ್ದವರು. ಮೂರು ತಿಂಗಳಲ್ಲಿ ಸತ್ತವರು 7 ದಿನದ ಗುಂಪಿನಲ್ಲಿ ಶೇ. 14.5, 14 ದಿನದ ಗುಂಪಿನಲ್ಲಿ ಶೇ. 16.1. ಕಡಿಮೆ ದಿನ ಕೊಟ್ಟದ್ದರಿಂದ ಹಾನಿ ಆಗಲಿಲ್ಲ.

ಆದರೆ ಈ ಪ್ರಯೋಗಕ್ಕೆ ಸ್ಟ್ಯಾಫಿಲೋಕಾಕಸ್ ಆರಿಯಸ್ ರಕ್ತಕ್ಕೆ ಸೇರಿದವರನ್ನು ತೆಗೆದುಕೊಂಡಿರಲಿಲ್ಲ. ಆ ಬ್ಯಾಕ್ಟೀರಿಯಾ ಹೃದಯದ ಕವಾಟ, ಬೆನ್ನುಮೂಳೆಯಲ್ಲಿ ಹೋಗಿ ಅಡಗುತ್ತದೆ. ಅದಕ್ಕೆ ಈಗಲೂ ಕನಿಷ್ಠ ಎರಡು ವಾರ, ಹಲವರಿಗೆ ನಾಲ್ಕರಿಂದ ಆರು ವಾರ. ಅಂದರೆ ಏಳಾ, ಹದಿನಾಲ್ಕಾ, ನಲವತ್ತೆರಡಾ ಅಂತ ಹೇಳಬೇಕಾದರೆ ಯಾವ ಬ್ಯಾಕ್ಟೀರಿಯಾ ಅಂತ ಗೊತ್ತಿರಬೇಕು. ಅದು ಗೊತ್ತಾಗುವುದು ಮೊದಲ ರಾತ್ರಿ, ಮೊದಲ ಡೋಸ್‌ಗೆ ಮುಂಚೆ, ಯಾರೋ ಒಬ್ಬರು ಎರಡು ಜಾಗದಿಂದ ರಕ್ತ ತೆಗೆದು ನಾಲ್ಕು ಬಾಟಲಿ ತುಂಬಿಸಿದ್ದರೆ ಮಾತ್ರ.